ಬಾತ್‌ರೂಮ್ ಬಾಗಿಲು ಎಷ್ಟು ಇಂಚು?

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಪ್ರವಾಸದ ಪುಟಗಳು ಶುರುವಾಗುತ್ತವೆ. ಯಾವ ಜಲಪಾತಕ್ಕೆ ಯಾವ ತಿಂಗಳು ಹೋಗಬೇಕು, ಎಲ್ಲಿ ಬನ್ಸ್ ಚೆನ್ನಾಗಿರುತ್ತದೆ, ಎಲ್ಲಿ ಉಳಿಯಬಹುದು, ದಿನಕ್ಕೆ ಬಾಡಿಗೆ ಎಷ್ಟು, ಎಲ್ಲ ಬರೆದಿರುತ್ತೀರಿ. ನಾನೂ ಒಂದಕ್ಷರ ಬಿಡದೆ ಓದುತ್ತೇನೆ. ಆದರೆ ನನಗೆ ಬೇಕಾದ ಒಂದು ಸಂಗತಿ ಇವತ್ತಿನ ತನಕ ಯಾವ ಪುಟದಲ್ಲೂ ಸಿಕ್ಕಿಲ್ಲ. ಆ ಹೋಟೆಲಿನ ಬಾತ್‌ರೂಮ್ ಬಾಗಿಲು ಎಷ್ಟು ಇಂಚು ಅಗಲ?

ನಗಬೇಡಿ. ನಮ್ಮ ಮನೆಯಲ್ಲಿ ಪ್ರವಾಸ ಹೊರಡೋದೂ ನಿಲ್ಲೋದೂ ಈ ಒಂದು ಅಳತೆಯ ಮೇಲೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಸ್ವಲ್ಪ ಅಡಿಕೆ ತೋಟ, ಸ್ವಲ್ಪ ಗದ್ದೆ. ಏಳು ವರ್ಷದ ಹಿಂದೆ ಆಷಾಢದಲ್ಲಿ ಕೊಳೆರೋಗದ ಔಷಧಿ ಹೊಡೆಯುವಾಗ ನಮ್ಮನೆಯವರು ಅಡಿಕೆ ಮರದಿಂದ ಬಿದ್ದರು. ಆ ವಾರ ಮರ ಹತ್ತುವ ಕೊನೆಗಾರ ಬಂದಿರಲಿಲ್ಲ. ಎರಡು ದಿನ ಮಳೆ ಹೊಳವಾಗಿತ್ತು, ಈಗ ಬಿಟ್ಟರೆ ಕಾಯೆಲ್ಲ ಉದುರಿಹೋಗುತ್ತದೆ ಅಂತ ತಾವೇ ಹತ್ತಿದರು. ಬೆನ್ನುಹುರಿಗೆ ಪೆಟ್ಟು, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಈಗ ಫೈಬರಿನ ಉದ್ದ ಕೋಲು, ಅಂದರೆ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಔಷಧಿ ಹೊಡೆಯಬಹುದು. ಆಗ ನಮ್ಮ ಹತ್ತಿರ ಇರಲಿಲ್ಲ. ಅದನ್ನೇ ಯೋಚಿಸುತ್ತಾ ಕೂತರೆ ಈ ಪತ್ರ ಮುಂದೆ ಹೋಗೋದಿಲ್ಲ, ಬಿಡಿ.

ಮನೆಯಲ್ಲಿ ಅವರು ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ಕೈಬಲದಲ್ಲೇ ದಾಟುತ್ತಾರೆ. ಅಡಿಕೆ ಲೆಕ್ಕ, ಸೊಸೈಟಿ ವ್ಯವಹಾರ, ಮಗಳಿಗೆ ಬೈಯೋದು ಎಲ್ಲ ಅವರದೇ. ಅದಕ್ಕೆ ನಾವು ಮಾಡಿಸಿದ್ದು ಬಹಳ ಏನಲ್ಲ. ಬಚ್ಚಲಿನ ಬಾಗಿಲು ಕಿತ್ತು 36 ಇಂಚಿನ ದಾರಂದ (ಬಾಗಿಲ ಚೌಕಟ್ಟು) ಕೂರಿಸಿದೆವು, ಹೊಸ್ತಿಲು ತೆಗೆಸಿದೆವು, ಕಮೋಡಿನ ಪಕ್ಕ ಗೋಡೆಗೆ ಎರಡು ಪೈಪು ಹಾಕಿಸಿದೆವು. ಊರಿನ ಮೇಸ್ತ್ರಿಗೆ ಎರಡು ದಿನದ ಕೆಲಸ. ಇಷ್ಟಿದ್ದರೆ ಅವರು ಯಾರ ಹಂಗಿನಲ್ಲೂ ಇಲ್ಲ. ಇಷ್ಟಿಲ್ಲದ ಜಾಗಕ್ಕೆ ಹೋದರೆ ಐವತ್ತೆರಡು ವರ್ಷದ ಗಂಡಸನ್ನು ಇಬ್ಬರು ಅಪರಿಚಿತರು ಕಂಕುಳಿಗೆ ಕೈ ಹಾಕಿ ಎತ್ತಬೇಕು, ಅದೂ ಹೆಂಡತಿ ಮಗಳ ಎದುರಿಗೆ.

ಈ ವರ್ಷ ಮಗಳ ಪಿಯುಸಿ ಮುಗಿಯಿತು. ಎಲ್ಲಿಗಾದರೂ ಹೋಗೋಣ ಅಂದಿದ್ದು ಅವಳು, ಸಮುದ್ರಕ್ಕೆ ಅಂದಿದ್ದು ಅವರು. ಆಗುಂಬೆ ಘಾಟಿ ಇಳಿದು ಹೆಬ್ರಿ ದಾಟಿದರೆ ಉಡುಪಿ. ಆಸ್ಪತ್ರೆಗೆಂದು ಆ ಘಾಟಿಯನ್ನು ಎಷ್ಟು ಸಲ ಇಳಿದಿದ್ದೇವೋ ಲೆಕ್ಕವಿಲ್ಲ. ಸಮುದ್ರಕ್ಕೆಂದು ಒಂದು ಸಲವೂ ಇಳಿದಿರಲಿಲ್ಲ. ಅತ್ತೆಯೂ ಬರುತ್ತೇನೆ ಅಂದರು. ನಾಲ್ಕು ಜನ, ಎರಡು ರೂಮು, ಮೂರು ರಾತ್ರಿ. ಹೋಟೆಲಿನವರಿಗೆ ಇದು ಒಳ್ಳೆಯ ವ್ಯಾಪಾರವೇ ಅಲ್ವಾ?

ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ತಿರುವು. ನಾನು ಹೋಟೆಲುಗಳಿಗೆ ಮಾಡಿದ ಫೋನೂ ಹದಿನಾಲ್ಕು. ಮಗಳು ಎಣಿಸಿ ನಕ್ಕಳು.

ಫೋನಿಗೆ ಮುಂಚೆ ಮೊಬೈಲಿನಲ್ಲಿ ಹುಡುಕಿದ್ದೆವು. ಬುಕಿಂಗ್ ಆ್ಯಪ್‌ಗಳಲ್ಲಿ ಗಾಲಿಕುರ್ಚಿಯ ಚಿತ್ರ ಹಾಕಿ ಟಿಕ್ ಗುರುತು ಮಾಡಿರುತ್ತಾರೆ. ಆ ಟಿಕ್ ಯಾರು ಹಾಕಿದರು, ಯಾವುದನ್ನು ನೋಡಿ ಹಾಕಿದರು ಅಂತ ತಿಳಿಯೋದಿಲ್ಲ. ಬಾಗಿಲಲ್ಲಿ ಇಳಿಜಾರು ಇದ್ದರೂ ಟಿಕ್, ಲಿಫ್ಟ್ ಇದ್ದರೂ ಟಿಕ್, ಏನೂ ಇಲ್ಲದಿದ್ದರೂ ಟಿಕ್. ಫೋಟೋಗಳಿಗೆ ಬರವಿಲ್ಲ. ಟವೆಲ್ಲನ್ನು ಹಂಸದ ಹಾಗೆ ಮಡಚಿ ಹಾಸಿಗೆ ಮೇಲಿಟ್ಟ ಫೋಟೋ, ಈಜುಕೊಳದ ಫೋಟೋ, ಸೂರ್ಯ ಮುಳುಗುವ ಫೋಟೋ. ಬಾತ್‌ರೂಮ್ ಫೋಟೋ ಅಂದರೆ ಕನ್ನಡಿ ಮತ್ತು ಅದರ ಮೇಲಿನ ದೀಪ. ಬಾಗಿಲನ್ನು ಯಾರೂ ತೋರಿಸೋದಿಲ್ಲ, ಫೋಟೋ ತೆಗೆಯುವವನು ಬಾಗಿಲಲ್ಲೇ ನಿಂತಿರುತ್ತಾನಲ್ಲ!

ಇನ್ನು ಫೋನಿನಲ್ಲಿ ಸಿಕ್ಕ ಉತ್ತರಗಳು. ಐದಾರು ಕಡೆ ಹೇಳಿದ್ದು, "ವೀಲ್‌ಚೇರ್ ನಮ್ಮಲ್ಲೇ ಇದೆ ಮೇಡಂ, ನೀವು ತರೋದು ಬೇಡ." ಅವರು ತಪ್ಪು ತಿಳಿದಿದ್ದಾರೆ ಅಂತ ಬಿಡಿಸಿ ಹೇಳಿದರೆ, "ಹಾಗಾದ್ರೆ ತೊಂದ್ರೆ ಇಲ್ಲ, ಲಿಫ್ಟ್ ಇದೆ." ಲಿಫ್ಟಿಗೆ ಮುಂಚೆ ಮೆಟ್ಟಿಲು ಇದೆಯಾ? "ನಾಲ್ಕೇ ನಾಲ್ಕು ಮೆಟ್ಟಿಲು." ಇನ್ನೊಬ್ಬರು ಬಹಳ ಪ್ರೀತಿಯಿಂದ, "ಹುಡುಗರು ಇದ್ದಾರೆ ಅಕ್ಕಾ, ಎತ್ಕೊಂಡು ಹೋಗ್ತಾರೆ, ಯೋಚ್ನೆ ಮಾಡ್ಬೇಡಿ" ಅಂದರು. ಅವರ ಮನಸ್ಸು ಒಳ್ಳೆಯದೇ. ಆದರೆ ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಹೋಗಬೇಕಾದರೆ ಆ ಹುಡುಗರನ್ನು ಎಬ್ಬಿಸಬೇಕೇ? ಬಾತ್‌ರೂಮ್ ಬಾಗಿಲಿನ ಅಗಲ ಕೇಳಿದರೆ ಒಂದು ಕ್ಷಣ ಮೌನ, ಆಮೇಲೆ "ನಾರ್ಮಲ್ ಬಾಗಿಲೇ ಮೇಡಂ." ಹದಿನಾಲ್ಕರಲ್ಲಿ ಒಬ್ಬನೇ ಒಬ್ಬ ಹುಡುಗ "ಒಂದ್ನಿಮಿಷ ಇರಿ" ಅಂತ ಎದ್ದು ಹೋಗಿ ನೋಡಿ ಬಂದ. "ಮೂರು ಗೇಣಿಗೆ ಸ್ವಲ್ಪ ಕಮ್ಮಿ ಅಮ್ಮ" ಅಂದ. ಯಾರ ಗೇಣೋ ಏನೋ, ಆದರೂ ಅವನು ಎದ್ದು ಹೋಗಿದ್ದೇ ನನಗೆ ಖುಷಿ. ಆ ಹೋಟೆಲಿನಲ್ಲಿ ನಮ್ಮ ದಿನಗಳಿಗೆ ರೂಮು ಇರಲಿಲ್ಲ.

ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ, ಇದು ಗೊತ್ತಿಲ್ಲದೇ ಎಲ್ಲ ಎಡವಟ್ಟಾಗೋದು. ನಮ್ಮನೆಯವರ ಕುರ್ಚಿ ಎರಡು ಚಕ್ರದ ಹೊರಗಿನಿಂದ ಹೊರಗೆ ಇಪ್ಪತ್ತೈದೂವರೆ ಇಂಚು. ಅವರೇ ಚಕ್ರ ತಳ್ಳಿಕೊಂಡು ಹೋಗಬೇಕಾದರೆ ಎರಡೂ ಕಡೆ ಕೈಗೆ ಜಾಗ ಬೇಕು, ಇಲ್ಲದಿದ್ದರೆ ಬೆರಳ ಗೆಣ್ಣು ದಾರಂದಕ್ಕೆ ಉಜ್ಜಿ ಸುಲಿಯುತ್ತದೆ. ಅಲ್ಲಿಗೆ 28. ನೇರವಾಗಿ ಹೋಗದೆ ತಿರುಗಿ ಹೋಗಬೇಕಾದರೆ 32 ಆದರೂ ಬೇಕು. ನಮ್ಮ ಕಡೆ ಬಾತ್‌ರೂಮಿಗೆ ಇಡೋದು ಎರಡು ಅಡಿ ಬಾಗಿಲು, ಭಾರೀ ಧಾರಾಳಿಗಳು ಎರಡೂವರೆ ಅಡಿ ಇಡುತ್ತಾರೆ. ಎರಡೂವರೆ ಅಡಿ ಅಂದರೂ ಬಾಗಿಲು ತೆಗೆದಾಗ ಅದರ ದಪ್ಪವೇ ಒಂದೂವರೆ ಇಂಚು ತಿನ್ನುತ್ತದೆ, ದಾರಂದದ ಪಟ್ಟಿ ಇನ್ನೊಂದಷ್ಟು ತಿನ್ನುತ್ತದೆ. ಕೊನೆಗೆ ಉಳಿಯೋದು 27. ರೂಮಿನ ಹೊರಬಾಗಿಲು ಮಾತ್ರ ಎಲ್ಲ ಕಡೆ ಅಗಲವಾಗಿಯೇ ಇರುತ್ತದೆ, ಮಂಚ ಒಳಗೆ ಹೋಗಬೇಕಲ್ಲ. ಹಾಗಾಗಿ ನಮ್ಮಂಥವರು ರೂಮಿನೊಳಗೆ ರಾಜರ ಹಾಗೆ ಹೋಗುತ್ತೇವೆ, ಬಾತ್‌ರೂಮಿನ ಹತ್ತಿರ ಬಂದು ನಿಲ್ಲುತ್ತೇವೆ.

ಕಡೆಗೆ ಒಂದು ದೊಡ್ಡ ಹೋಟೆಲಿನವರು "ನಮ್ಮಲ್ಲಿ ಹ್ಯಾಂಡಿಕ್ಯಾಪ್ ರೂಮೇ ಇದೆ" ಅಂದರು. ನಮ್ಮ ಕೈಗೆ ಸ್ವಲ್ಪ ಜಾಸ್ತಿಯೇ ಆದ ಬಾಡಿಗೆ. ಆದರೂ ಅಡ್ವಾನ್ಸ್ ಕಳಿಸಿದೆವು. ಹೆಸರು ಹೇಳೋದಿಲ್ಲ, ಒಂದು ಹೋಟೆಲಿನ ಮೇಲೆ ಸಿಟ್ಟು ತೀರಿಸಿಕೊಳ್ಳೋಕೆ ನಾನು ಬರೆಯುತ್ತಿಲ್ಲ.

ಹೋಗಿ ನೋಡಿದರೆ ಮುಂದಿನ ಬಾಗಿಲಿಗೆ ಮೂರು ಮೆಟ್ಟಿಲು. ಇಳಿಜಾರು ಹಿಂದೆ ಇದೆ, ಜನರೇಟರ್ ಪಕ್ಕ, ಅಡುಗೆಮನೆಯ ನೀರು ಹರಿಯುವ ಜಾಗದಲ್ಲಿ. ಗ್ಯಾಸ್ ಸಿಲಿಂಡರ್ ಉರುಳಿಸೋಕೆ ಮಾಡಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ. ಇಳಿಜಾರಿಗೆ ಒಂದು ಲೆಕ್ಕ ಇದೆ, ಒಂದು ಇಂಚು ಏರೋದಕ್ಕೆ ಒಂದು ಅಡಿ ಉದ್ದ. ಮೂರು ಮೆಟ್ಟಿಲು ಅಂದರೆ ಹದಿನೆಂಟು ಇಂಚು ಎತ್ತರ, ಹದಿನೆಂಟು ಅಡಿ ಇಳಿಜಾರು ಬೇಕು. ಇಲ್ಲಿದ್ದದ್ದು ಐದೋ ಆರೋ ಅಡಿ. ನಾನು, ಮಗಳು, ಸೆಕ್ಯುರಿಟಿಯವರು ಸೇರಿ ತಳ್ಳಿದೆವು. ಅತ್ತೆ ಹಿಂದೆ ನಿಂತು ದೇವರ ಹೆಸರು ಹೇಳಿದರು.

ರಿಸೆಪ್ಶನ್‌ನಲ್ಲಿ ಗೊತ್ತಾಯಿತು, ನಮ್ಮ ರೂಮು ಬೇರೆಯವರಿಗೆ ಹೋಗಿದೆ. ಅಲ್ಲೇ ಹಾಲ್‌ನಲ್ಲಿ ಮದುವೆ, ಮದುಮಗಳ ಅಜ್ಜನಿಗೆ ಮಂಡಿನೋವಂತೆ, ಕೆಳಗಿನ ರೂಮು ಬೇಕಂತೆ, ಕೊಟ್ಟುಬಿಟ್ಟಿದ್ದಾರೆ. "ನಿಮಗೂ ಕೆಳಗಡೆ ರೂಮೇ ಕೊಟ್ಟಿದೀವಲ್ಲ ಮೇಡಂ, ಸೇಮ್ ರೂಮೇ." ಆ ಅಜ್ಜ ಹೊರಗೆ ಬಂದು ನಮ್ಮನ್ನು ನೋಡಿ ಪಾಪ ತಾವೇ ಖಾಲಿ ಮಾಡುತ್ತೇನೆ ಅಂದರು. ನಡೆಯಲಾರದೆ ಗೋಡೆ ಹಿಡಿದು ನಿಂತಿದ್ದ ಮುದುಕರನ್ನು ಎಬ್ಬಿಸಿ ಅನ್ನಲು ನಮಗೆ ಬಾಯಿ ಬರಲಿಲ್ಲ. ಅವರು ಅಲ್ಲೇ ಇದ್ದರು, ನಾವು "ಸೇಮ್ ರೂಮಿಗೆ" ಹೋದೆವು.

ಬಾತ್‌ರೂಮ್ ಬಾಗಿಲು 24 ಇಂಚು. ಜೊತೆಗೆ ನೀರು ಹೊರಗೆ ಬರದ ಹಾಗೆ ನಾಲ್ಕು ಇಂಚಿನ ಗ್ರಾನೈಟ್ ಕಟ್ಟೆ. ನಾನು ಟೇಪು ಹಿಡಿದು ನಿಂತಿದ್ದೆ, ಅಳು ಬರುತ್ತಿತ್ತು. ನಮ್ಮನೆಯವರು ಬಾಗಿಲನ್ನು ಒಂದು ಸಲ ನೋಡಿ, "ಉಡುಪಿಗೆ ಬಂದಿದೀವಲ್ಲ ಮಾರಾಯ್ತಿ, ಕಿಂಡಿ ಇಲ್ದೆ ಇರುತ್ತಾ" ಅಂದರು. ಕನಕದಾಸರಿಗೆ ಕಿಂಡಿಯಲ್ಲಿ ಕೃಷ್ಣ ಕಂಡ, ನಮಗೆ ಕಂಡಿದ್ದು ಕಮೋಡು.

ರೂಮ್ ಬಾಯ್ ಉತ್ತರ ಕರ್ನಾಟಕದ ಹುಡುಗ, ಬಲು ಚುರುಕು. ಎಲ್ಲಿಂದಲೋ ಸ್ಕ್ರೂಡ್ರೈವರ್ ತಂದು ಬಾತ್‌ರೂಮ್ ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಿದ, ಆ ಜಾಗಕ್ಕೆ ಬೆಡ್‌ಶೀಟ್ ಕಟ್ಟಿದ. ಮ್ಯಾನೇಜರ್‌ಗೆ ಹೇಳಬೇಡಿ ಅಂದ. ಒಂದೂವರೆ ಇಂಚು ಜಾಸ್ತಿ ಜಾಗ ಸಿಕ್ಕಿತು, ಕುರ್ಚಿ ಆಗಲೂ ಹೋಗಲಿಲ್ಲ. ಕೊನೆಗೆ ತೋಟದ ಕಡೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಅವರನ್ನು ಅದಕ್ಕೆ ದಾಟಿಸಿ, ಕಟ್ಟೆ ಮೇಲೆ ಎತ್ತಿ, ಒದ್ದೆ ಟೈಲ್ಸ್ ಮೇಲೆ ಎಳೆದುಕೊಂಡು ಹೋದೆವು. ಪ್ಲಾಸ್ಟಿಕ್ ಕುರ್ಚಿಯ ಕಾಲು ಒಂದು ಸಲ ಬಾಗಿತು. ಆಮೇಲೆ ಅವರು ರಾತ್ರಿ ಊಟಕ್ಕೆ ಕೂತಾಗ ನೀರು ಮುಟ್ಟಲಿಲ್ಲ. ಏಪ್ರಿಲ್ ತಿಂಗಳು, ಉಡುಪಿಯ ಸೆಕೆ, ಬೆವರು ಧಾರಾಕಾರ. ನೀರು ಕಮ್ಮಿ ಕುಡಿದರೆ ಬೆನ್ನುಹುರಿ ಪೆಟ್ಟಾದವರಿಗೆ ಮೂತ್ರದ ಸೋಂಕು ಬರುತ್ತದೆ, ಡಾಕ್ಟರು ಪ್ರತಿ ಸಲ ಇದನ್ನೇ ಹೇಳೋದು. ಅವರಿಗೂ ಗೊತ್ತು. ಕುಡಿದರೆ ಮತ್ತೆ ಆ ಬೆಡ್‌ಶೀಟಿನ ಹಿಂದೆ ಹೋಗಬೇಕು ಅನ್ನೋದೂ ಗೊತ್ತು.

ಮಂಚದ ಕಥೆ ಬೇರೆ. ಕುರ್ಚಿಯ ಕೂರುವ ಮಟ್ಟ 20 ಇಂಚು, ಹೋಟೆಲಿನ ಹಾಸಿಗೆ 27. ಏಳು ಇಂಚು ಕೈಬಲದಲ್ಲಿ ಏರೋದು ಆಗದ ಮಾತು. ಮೇಲಿನ ಹಾಸಿಗೆ ತೆಗೆಸಿ ಮಗಳು ಅತ್ತೆ ಇದ್ದ ರೂಮಿಗೆ ಸಾಗಿಸಿದೆವು. ಅತ್ತೆ ಎರಡು ಹಾಸಿಗೆ ಮೇಲೆ ಮಲಗಿ ಸೊಂಟ ನೋವು ಅಂದರು.

ಮರುದಿನ ಆ ಅಜ್ಜ ತಿಂಡಿಗೆ ಹೋದಾಗ ಅವರನ್ನೇ ಕೇಳಿಕೊಂಡು ಆ ಹ್ಯಾಂಡಿಕ್ಯಾಪ್ ರೂಮನ್ನು ನೋಡಿ ಬಂದೆ. ಬಾಗಿಲು ಅಗಲ ಇತ್ತು, ಸುಳ್ಳು ಹೇಳಬಾರದು. ಹಿಡಿದುಕೊಳ್ಳೋಕೆ ಸ್ಟೀಲ್ ಪೈಪೂ ಇತ್ತು, ಆದರೆ ಕಮೋಡಿನ ಪಕ್ಕ ಅಲ್ಲ, ಎದುರು ಗೋಡೆಗೆ. ಕೈಗೆ ಸಿಗೋದೇ ಇಲ್ಲ. ಅದರ ಮೇಲೆ ಅಜ್ಜನ ಪಂಚೆ ಒಣಗುತ್ತಿತ್ತು.

ಬೆಳಗ್ಗೆಯೇ ವಾಪಸ್ ಊರಿಗೆ ಹೋಗೋಣ ಅಂತ ನಾನು ಅಂದೆ. ನಾವು ಕಾಫಿಗೆ ನಿಂತ ಹೋಟೆಲಿನ ಗಲ್ಲಾದಲ್ಲಿದ್ದವರು ಮಾತಿಗೆ ಮಾತು ಬಂದು, ತಮ್ಮ ಗುರುತಿನವರ ಹಳೇ ಮನೆಯೊಂದರಲ್ಲಿ ರೂಮು ಬಾಡಿಗೆ ಕೊಡುತ್ತಾರೆ, ಒಂದು ಸಲ ನೋಡಿ ಅಂದರು. ಹೋದೆವು. ಅಂಗಳದಿಂದ ಜಗಲಿಗೆ ಒಂದೇ ಮೆಟ್ಟಿಲು, ಹಲಗೆ ಇಟ್ಟರು. ಮೂಲೆಯ ರೂಮಿನ ಬಾತ್‌ರೂಮ್ ನೋಡಿ ನಾನು ಟೇಪು ಎರಡು ಸಲ ಹಿಡಿದೆ. ಜೋಡಿ ಬಾಗಿಲು, 40 ಇಂಚು! ಹೊಸ್ತಿಲೂ ಇಲ್ಲ. ಹಿಂದೆ ಅದು ಅಕ್ಕಿಮುಡಿ, ಅಂದರೆ ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮೂಟೆ ಇಡುವ ಕೋಣೆಯಂತೆ. ಮುಡಿ ಹೊತ್ತುಕೊಂಡು ಒಳಗೆ ಹೋಗೋಕೆ ಬಾಗಿಲು ಅಗಲ ಇಟ್ಟಿದ್ದರು, ಆಮೇಲೆ ಯಾವಾಗಲೋ ಕಮೋಡು ಕೂರಿಸಿದರು. ಮನೆಯ ಯಜಮಾನರಿಗೆ ತಮ್ಮ ಹತ್ತಿರ ಇಂಥ ರೂಮು ಇದೆ ಅನ್ನೋದೇ ಗೊತ್ತಿರಲಿಲ್ಲ. "ಇದನ್ನು ಯಾರೂ ಕೇಳಿಲ್ಲ ನೋಡಿ, ಆ ಬಾಗಿಲು ಚಂದ ಕಾಣೋದಿಲ್ಲ, ತೆಗೆಸಿ ಸಣ್ಣದು ಹಾಕಿಸ್ಬೇಕು ಅಂತಿದ್ದೆ" ಅಂದರು. ನಾನು ಅವರಿಗೆ ಕೈ ಮುಗಿದು ಬೇಡ ಅಂದೆ.

ಬಾಡಿಗೆ ಮೊದಲ ಹೋಟೆಲಿನ ಮೂರನೇ ಒಂದು ಭಾಗ. ಎಸಿ ಇಲ್ಲ, ಟವೆಲ್ಲಿನ ಹಂಸವೂ ಇಲ್ಲ. ಅವತ್ತು ಬೆಳಗ್ಗೆ ನಮ್ಮನೆಯವರು ತಾವೇ ಸ್ನಾನಕ್ಕೆ ಹೋಗಿ, ಬಾಗಿಲು ಹಾಕಿಕೊಂಡು, ಒಂದು ಗಂಟೆ ಹೊರಗೆ ಬರಲಿಲ್ಲ. ಬಾಗಿಲು ತಟ್ಟಿದರೆ ಒಳಗಿಂದ ಹಾಡು. ಮಧ್ಯಾಹ್ನ ಊಟಕ್ಕೆ ಎರಡು ಚೊಂಬು ನೀರು.

ಸಂಜೆ ಪಡುಬಿದ್ರಿಗೆ ಹೋದೆವು. 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಒಳ್ಳೆಯ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆಯ ಬಾವುಟ ಸಿಕ್ಕ ಕಡಲತೀರ ಅದು, ಅದರ ಜೊತೆಗೇ ಹೊನ್ನಾವರದ ಕಾಸರಕೋಡಿಗೂ ಸಿಕ್ಕಿತು. ಆ ಬಾವುಟ ಬೇಕಾದರೆ ಪಾಲಿಸಬೇಕಾದ ನಿಯಮಗಳಲ್ಲಿ ನೀರು ಶುದ್ಧವಾಗಿರೋದರ ಜೊತೆಗೆ ಅಂಗವಿಕಲರಿಗೆ ದಾರಿ, ಸೌಲಭ್ಯ ಕೊಡುವ ಮಾತೂ ಇದೆ. ಗಟ್ಟಿ ದಾರಿ ಇರುವ ತನಕ ಕುರ್ಚಿ ಸಲೀಸಾಗಿ ಹೋಯಿತು. ಆಮೇಲೆ ಮರಳಿನಲ್ಲಿ ಹಿಂದುಮುಂದಾಗಿ ತಿರುಗಿಸಿ ಎಳೆದೆವು, ಮುಂದಿನ ಸಣ್ಣ ಚಕ್ರ ಹೂಳುತ್ತದೆ, ಹಿಂದಿನದು ಹೂಳೋದಿಲ್ಲ. ಒಂದು ಅಲೆ ಬಂದು ಕಾಲ ಮೇಲೆ ಹಾದು ಹೋಯಿತು. ಅವರಿಗೆ ಕಾಲಿನಲ್ಲಿ ತಣ್ಣಗೆ ಬಿಸಿ ಗೊತ್ತಾಗೋದಿಲ್ಲ, ಬಗ್ಗಿ ಕೈಯಲ್ಲಿ ನೀರು ಮುಟ್ಟಿ ನೋಡಿಕೊಂಡರು. ಆ ಸಂಜೆಯ ಬಗ್ಗೆ ಇಷ್ಟೇ ಸಾಕು.

ಊರಿಗೆ ಬಂದ ಮೇಲೆ ಮಗಳ ಜೊತೆ ಕೂತು ಕಾನೂನು ಏನು ಹೇಳುತ್ತದೆ ಅಂತ ಓದಿದೆ. ನಾನು ಓದಿದ್ದು ಬಿ.ಎ., ವಕೀಲೆ ಅಲ್ಲ, ಆದರೂ ಅರ್ಥವಾಗದ್ದೇನೂ ಇಲ್ಲ ಅದರಲ್ಲಿ. ಅಂಗವಿಕಲರ ಹಕ್ಕುಗಳ ಕಾಯ್ದೆ ಆಗಿದ್ದು 2016ರಲ್ಲಿ, ಜಾರಿಗೆ ಬಂದಿದ್ದು 2017ರ ಏಪ್ರಿಲ್‌ನಲ್ಲಿ. ಸಾರ್ವಜನಿಕರು ಬಂದು ಹೋಗುವ ಖಾಸಗಿ ಕಟ್ಟಡವೂ ಅದರ ಲೆಕ್ಕದಲ್ಲಿ ಸಾರ್ವಜನಿಕ ಕಟ್ಟಡವೇ. 44ನೇ ಕಲಮಿನ ಪ್ರಕಾರ ನಿಯಮದಂತೆ ನಕ್ಷೆ ಇಲ್ಲದಿದ್ದರೆ ಕಟ್ಟೋಕೆ ಪರವಾನಗಿ ಕೊಡುವ ಹಾಗಿಲ್ಲ, ಕಟ್ಟಿದ್ದು ನಿಯಮದಂತೆ ಇಲ್ಲದಿದ್ದರೆ ಕೆಲಸ ಮುಗಿದ ಸರ್ಟಿಫಿಕೇಟೂ ಇಲ್ಲ. ಮೊದಲೇ ಇರುವ ಕಟ್ಟಡಗಳಿಗೆ ನಿಯಮ ಬಂದ ಮೇಲೆ ಐದು ವರ್ಷ ಗಡುವು. ನಿಯಮ ಬಂದಿದ್ದು 2017ರ ಜೂನ್‌ನಲ್ಲಿ, ಅಂದರೆ 2022ಕ್ಕೆ ಗಡುವು ಮುಗಿಯಿತು. ಮೊದಲ ಸಲ ತಪ್ಪಿದರೆ ಹತ್ತು ಸಾವಿರದ ತನಕ ದಂಡ, ಮತ್ತೆ ತಪ್ಪಿದರೆ ಐವತ್ತು ಸಾವಿರದಿಂದ ಐದು ಲಕ್ಷ. ಕೇಂದ್ರದ ಮಾರ್ಗಸೂಚಿಯಲ್ಲಿ ಬಾಗಿಲಿಗೆ 900 ಮಿಲಿಮೀಟರ್ ಅಂತ ಇದೆ, ನಮ್ಮ ಲೆಕ್ಕದಲ್ಲಿ 35 ಇಂಚು ಚಿಲ್ಲರೆ. ಸ್ಟಾರ್ ಬೇಕು ಅಂತ ಕೇಂದ್ರ ಪ್ರವಾಸೋದ್ಯಮ ಸಚಿವಾಲಯಕ್ಕೆ ಅರ್ಜಿ ಹಾಕುವ ಹೋಟೆಲಿನಲ್ಲಂತೂ ಅಂಗವಿಕಲರಿಗೆ ಒಂದು ರೂಮಾದರೂ ಇರಬೇಕು, ಅದರ ಬಾಗಿಲೂ ಬಾತ್‌ರೂಮಿನ ಬಾಗಿಲೂ ಒಂದು ಮೀಟರ್ ಇರಬೇಕು ಅಂತ ಬರೆದಿದ್ದಾರೆ. ಸ್ಟಾರ್ ತಗೊಳ್ಳಲೇಬೇಕು ಅಂತ ಇಲ್ಲವಲ್ಲ, ಹಾಗಾಗಿ ಸಾಮಾನ್ಯ ಲಾಡ್ಜ್‌ಗಳಿಗೆ ಆ ತಲೆಬಿಸಿ ಇಲ್ಲ.

ಇಷ್ಟೆಲ್ಲ ಇದ್ದೂ ಏನೂ ಆಗಲಿಲ್ಲ ಯಾಕೆ ಅಂದರೆ, ನಿಯಮ ಅಂತ ಬರೆದದ್ದು ಸಲಹೆಯ ಹಾಗಿತ್ತು. ಇದನ್ನು ಹೇಳಿದ್ದು ನಾನಲ್ಲ, ಸುಪ್ರೀಂ ಕೋರ್ಟ್. 2024ರ ನವೆಂಬರ್ 8ರ ತೀರ್ಪಿನಲ್ಲಿ, ಕಾಯ್ದೆ ಕಡ್ಡಾಯ ಅನ್ನುವಾಗ ನಿಯಮ ಬರೀ ಮಾರ್ಗಸೂಚಿ ಆಗಿದ್ದರೆ ಸರಿಯಲ್ಲ, ಕಡ್ಡಾಯವಾಗಿ ಪಾಲಿಸಬೇಕಾದ ನಿಯಮಗಳನ್ನು ಮೂರು ತಿಂಗಳಲ್ಲಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಅತ್ತೆಗೆ ಇದನ್ನು ಓದಿ ಹೇಳಿದೆ. "ಅಷ್ಟು ದೊಡ್ಡ ಕಟ್ಟಡ ಕಟ್ಟೋರಿಗೆ ಒಂದು ಬಾಗ್ಲು ಅಗಲ ಮಾಡೋಕೆ ಕೋರ್ಟ್ ಬೇಕಾ?" ಅಂದರು.

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನಾದಿನಿ ಫೋನಿನಲ್ಲಿ ಅಲ್ಲಿಯ ಪದ್ಧತಿ ಹೇಳಿದಳು. ಅವರ ಅಂಗವಿಕಲರ ಕಾಯ್ದೆ 1990ರದ್ದು. 2012ರ ಮಾರ್ಚ್‌ನಿಂದ ಹೋಟೆಲ್ ಬುಕಿಂಗಿಗೇ ಪ್ರತ್ಯೇಕ ನಿಯಮ ಇದೆಯಂತೆ. ರೂಮಿನಲ್ಲಿ ಏನೇನಿದೆ ಅಂತ ಗಿರಾಕಿಯೇ ಯೋಚಿಸಿ ತೀರ್ಮಾನ ಮಾಡುವಷ್ಟು ವಿವರ ಕೊಡಬೇಕು. ಅಂಥ ರೂಮನ್ನು ಬೇರೆಯವರಿಗೆ ಕೊಡಬೇಕಾದರೆ ಅದೇ ಬಗೆಯ ಉಳಿದ ರೂಮುಗಳೆಲ್ಲ ಭರ್ತಿಯಾಗಿರಬೇಕು. ಒಮ್ಮೆ ಬುಕ್ ಆದ ಮೇಲೆ ಅದೇ ರೂಮನ್ನೇ ಕೊಡಬೇಕು. ನಮ್ಮ ಮದುವೆ ಅಜ್ಜನ ಪ್ರಸಂಗ ಅಲ್ಲಿ ನಡೆಯುವ ಹಾಗಿಲ್ಲ. ಹಾಗಂತ ಅಲ್ಲಿ ಎಲ್ಲ ಚಿನ್ನ ಅಂತಲ್ಲ, ಹಾಸಿಗೆ ಎಷ್ಟು ಎತ್ತರ ಇರಬೇಕು ಅಂತ ಅಲ್ಲೂ ಹೇಳಿಲ್ಲವಂತೆ, ಹೋಟೆಲಿನ ಹಾಸಿಗೆಗಳು ವರ್ಷದಿಂದ ವರ್ಷಕ್ಕೆ ದಪ್ಪ ಆಗುತ್ತಿವೆಯಂತೆ.

ನಮ್ಮೂರಿನ ಆಸುಪಾಸಿನಲ್ಲೂ ಈಗ ಹೋಂಸ್ಟೇ ಬೇಕಾದಷ್ಟು. ಪರಿಚಯದವರೊಬ್ಬರು ಹೊಸದಾಗಿ ಎರಡು ಕಾಟೇಜ್ ಕಟ್ಟುತ್ತಿದ್ದಾರೆ. ಒಂದರ ಬಾತ್‌ರೂಮ್ ಬಾಗಿಲಾದರೂ ಮೂರಡಿ ಇಡಿ ಮಾರಾಯ್ರೆ, ದಾರಂದಕ್ಕೆ ಒಂದಿಷ್ಟು ಮರ ಜಾಸ್ತಿ ಅಷ್ಟೇ ಅಲ್ವಾ ಅಂದೆ. "ಅಂಥವರು ನಮ್ಮಲ್ಲಿಗೆ ಬರೋದಿಲ್ಲ" ಅಂದರು. ನನ್ನ ಎದುರಿಗೇ ಅಂದರು. ಆಮೇಲೆ ನಾಲಿಗೆ ಕಚ್ಚಿಕೊಂಡರು. ಬರೋದು ಹೇಗೆ, ಬಂದರೆ ಬಾತ್‌ರೂಮಿಗೆ ಹೋಗೋಕಾಗದಿದ್ದರೆ? 2011ರ ಜನಗಣತಿಯಲ್ಲೇ ನಮ್ಮ ರಾಜ್ಯದಲ್ಲಿ ಅಂಗವಿಕಲರು 13 ಲಕ್ಷಕ್ಕಿಂತ ಜಾಸ್ತಿ ಇದ್ದರು. ಎಲ್ಲರೂ ಗಾಲಿಕುರ್ಚಿಯವರಲ್ಲ, ಒಪ್ಪಿದೆ. ಆದರೆ ಒಬ್ಬರು ಬರಲಾಗದಿದ್ದರೆ ಅವರ ಮನೆಯ ಮೂರು ನಾಲ್ಕು ಜನರೂ ಬರೋದಿಲ್ಲ. ಮಂಡಿನೋವಿನ ಅಜ್ಜಂದಿರ ಲೆಕ್ಕವೇ ಬೇರೆ. ಮಲೆನಾಡಿನ ಮನೆಗಳ ಹೊಸ್ತಿಲೂ ಕಮ್ಮಿ ಏನಲ್ಲ, ಅದೂ ಗೊತ್ತು. ನಮ್ಮದೇ ಮನೆಯ ತಲೆಬಾಗಿಲಿನ ಹೊಸ್ತಿಲು ಒಂಬತ್ತು ಇಂಚು ಇತ್ತು, ಅವರು ಬಿದ್ದು ಬಂದ ದಿನ ನನಗೆ ಅದು ಮೊದಲ ಸಲ ಕಣ್ಣಿಗೆ ಬಿತ್ತು.

ಹೋಟೆಲ್ ಮಾಲೀಕರಿಗೆ ನಾನು ಕಟ್ಟಡ ಒಡೆಯಿರಿ ಅಂತ ಹೇಳುತ್ತಿಲ್ಲ. ಆಗಬೇಕಾದ್ದು ಕಾನೂನಿನ ಪ್ರಕಾರ ಆಗಲಿ, ಅದಕ್ಕೆ ವರ್ಷಗಟ್ಟಲೆ ಬೇಕು. ಇವತ್ತೇ ಆಗುವ ಕೆಲಸ ಒಂದಿದೆ. ಒಂದು ಟೇಪು ತಗೊಂಡು ಕೆಳಗಿನ ರೂಮುಗಳ ಬಾತ್‌ರೂಮ್ ಬಾಗಿಲು ಅಳೆಯಿರಿ. ಬಾಗಿಲು ಪೂರ್ತಿ ತೆಗೆದಿಟ್ಟು ಅಳೆಯಿರಿ, ಮುಚ್ಚಿ ಅಲ್ಲ. ಹೊಸ್ತಿಲ ಎತ್ತರ, ಹಾಸಿಗೆ ಎತ್ತರ, ಕಮೋಡಿನ ಎತ್ತರ, ಮುಂಬಾಗಿಲಿಗೆ ಎಷ್ಟು ಮೆಟ್ಟಿಲು, ಇಷ್ಟನ್ನು ಬರೆದು ಬಾತ್‌ರೂಮ್ ಬಾಗಿಲಿನ ಒಂದು ಫೋಟೋ ಜೊತೆ ಹಾಕಿ. 24 ಇಂಚು ಇದ್ದರೆ 24 ಅಂತಲೇ ಹಾಕಿ, ನಾವು ಬೈಯೋದಿಲ್ಲ, ಸುಮ್ನೆ ಮುಂದಿನ ಹೋಟೆಲ್ ನೋಡುತ್ತೇವೆ. ಹದಿನಾಲ್ಕು ಫೋನ್ ತಪ್ಪುತ್ತದೆ. ಉಡುಪಿಯ ಆ ಮನೆಯವರ ಹಾಗೆ ತಮಗೇ ಗೊತ್ತಿಲ್ಲದೆ ಅಗಲ ಬಾಗಿಲು ಇಟ್ಟುಕೊಂಡವರು ಇನ್ನೂ ಎಷ್ಟು ಜನ ಇದ್ದಾರೋ! ಸರ್ಕಾರ ತನ್ನ ಮಯೂರ ಹೋಟೆಲುಗಳಿಂದಲೇ ಇದನ್ನು ಶುರು ಮಾಡಬಹುದು. ಪ್ರವಾಸೋದ್ಯಮ ನೀತಿಯಲ್ಲಿ ಹೊಸ ಹೋಟೆಲ್ ಕಟ್ಟುವವರಿಗೆ ಸಹಾಯಧನ ಕೊಡುತ್ತಾರಲ್ಲ, ಕೊಡುವ ಮುಂಚೆ ಒಬ್ಬ ಅಧಿಕಾರಿ ಗಾಲಿಕುರ್ಚಿಯಲ್ಲಿ ಕೂತು ರಸ್ತೆಯಿಂದ ಕಮೋಡಿನ ತನಕ ಹೋಗಿ ಬರಲಿ. ಕಡತದಲ್ಲಿ ಟಿಕ್ ಹಾಕೋದು ಆಮೇಲೆ.

ಸಂಪಾದಕರೇ, ನಿಮ್ಮದೂ ಒಂದು ಪಾಲು ಇದೆ. ಪ್ರವಾಸದ ಪುಟಕ್ಕೆ ಬರೆಯುವವರು ಹೋಟೆಲಿನ ಮೀನೂಟದ ಬಗ್ಗೆ ಅರ್ಧ ಕಾಲಂ ಬರೆಯುತ್ತಾರೆ. ಅವರ ಕೈಗೂ ಒಂದು ಟೇಪು ಕೊಡಿ, ಕೊನೆಗೆ ಒಂದು ಸಾಲು ಸಾಕು.

ಈಗ ಅತ್ತೆ ಮೈಸೂರು ದಸರಾ ನೋಡಬೇಕು ಅನ್ನುತ್ತಿದ್ದಾರೆ. ಮೃಗಾಲಯದ ಒಳಗೆ ಬ್ಯಾಟರಿ ವಾಹನ ಇದೆ, ಅದರ ಚಿಂತೆ ಇಲ್ಲ. ಉಳಿಯೋದಕ್ಕೆ ನಾನು ಮತ್ತೆ ಫೋನ್ ಶುರು ಮಾಡಿದ್ದೇನೆ, ಇವತ್ತಿಗೆ ಆರು ಆಯಿತು, ಆರರಲ್ಲೂ ನಾರ್ಮಲ್ ಬಾಗಿಲು. ಮೈಸೂರಿನಲ್ಲಿ ಕೆಳಗಿನ ಮಹಡಿಯಲ್ಲಿ 32 ಇಂಚಿಗೆ ಕಮ್ಮಿ ಇಲ್ಲದ ಬಾತ್‌ರೂಮ್ ಬಾಗಿಲು ಇರುವ ರೂಮು ಯಾರ ಹತ್ತಿರವಾದರೂ ಇದ್ದರೆ ಇದೇ ವಾಚಕರ ವಾಣಿಗೆ ಒಂದು ಸಾಲು ಬರೆಯಿರಿ. ಬೇಕಾಗಿರೋದು ಎರಡು ರೂಮು, ನಾಲ್ಕು ರಾತ್ರಿ. ಅಡ್ವಾನ್ಸ್ ಪೂರ್ತಿ ಕೊಡುತ್ತೇವೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಓದುಗಿ